ಖಾಲಿ ಬಂದ ಬೋಗುಣಿ

ನನ್ನ ಮಗಳು ನೀಲಾ ಮೊದಲ ಸಲ ನನ್ನ ಮಾತು ಕೇಳಿಸಿಯೂ ಕೇಳಿಸದವಳ ಹಾಗೆ ಕೂತ ದಿನ ನಾನು ಶಿರಾ ಮಾಡಿದ್ದೆ.

"ನೀಲೂ, ಆಟದ ಸಾಮಾನು ಎತ್ತಿಡು" ಎಂದು ಅಡುಗೆಮನೆಯಿಂದ ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಬಾಗಿಲಿನಿಂದ ಇಣುಕಿ ನೋಡಿದರೆ ಅವಳು ಬೆನ್ನು ತಿರುಗಿಸಿ ಕೂತಿದ್ದಳು. ಭುಜಗಳು ಮಾತ್ರ ನಗು ತಡೆಯಲಾರದೆ ಕುಲುಕುತ್ತಿದ್ದವು. ಮೂರು ವರ್ಷ ಏನೂ ಕೇಳಿಸದೆ ಬೆಳೆದ ಮಗು ಈಗ ಕಿವುಡಿಯ ಹಾಗೆ ನಟಿಸುತ್ತಿತ್ತು. ನಟಿಸಬೇಕಾದರೆ ಮೊದಲು ಕೇಳಿಸಬೇಕಲ್ಲ! ನಾನು ಸೆರಗಿನಿಂದ ಕಣ್ಣೊರೆಸಿಕೊಂಡು ರವೆ ಹುರಿಯಲು ಇಟ್ಟೆ.

ಮುಂದಿನದನ್ನು ಹೇಳುವ ಮೊದಲು ನೀಲಾಳ ಕಿವಿ ಎಲ್ಲಿದೆ ಎಂದು ಹೇಳಬೇಕು. ನಾವಿರುವುದು ಗದಗಿನಲ್ಲಿ. ಅವಳ ಕಿವಿ ಇರುವುದು ಹುಬ್ಬಳ್ಳಿಯಲ್ಲಿ.

ಅವಳಿಗೆ ಈಗ ಆರು ವರ್ಷ. ಮೂರನೇ ವರ್ಷದಲ್ಲಿ ಬಂದ ಮಿದುಳುಜ್ವರ ಅವಳ ಎರಡೂ ಕಿವಿಯ ನರಗಳನ್ನು ಒಣಗಿಸಿಬಿಟ್ಟಿತ್ತು. ನರವೇ ಇಲ್ಲದ ಮೇಲೆ ಮಾಮೂಲಿ ಯಂತ್ರಗಳು ಕೆಲಸಕ್ಕೆ ಬರುವುದಿಲ್ಲ. ಹುಬ್ಬಳ್ಳಿಯ ಸಂಶೋಧನಾ ಕೇಂದ್ರದವರು ಶಬ್ದವನ್ನು ನೇರವಾಗಿ ಮಿದುಳಿನ ಬುಡಕ್ಕೇ ಮುಟ್ಟಿಸುವ ದಾರಿ ಕಂಡುಹಿಡಿದಿದ್ದರು. ಆದರೆ ಮಿದುಳು ಓದುವ ಲಿಪಿ ಒಂದೊಂದು ಮಗುವಿಗೆ ಒಂದೊಂದು ಥರ, ಅದೂ ದಿನದಿನಕ್ಕೆ ಬದಲಾಗುತ್ತದೆ. ಆ ಲಿಪಿಯನ್ನು ಬರೆಯುವ ಗಣಕಯಂತ್ರ ಕಿವಿಯ ಹಿಂದೆ ಕೂರುವಷ್ಟು ಚಿಕ್ಕದಲ್ಲ, ಎರಡು ಕೋಣೆ ತುಂಬುತ್ತದೆ. ಹಾಗಾಗಿ ನಾನು "ನೀಲೂ" ಎಂದರೆ ಅವಳ ಕಿವಿಯ ಹಿಂದಿನ ಬಿಲ್ಲೆ ಆ ಶಬ್ದವನ್ನು ಹಿಡಿದು ಇಂಟರ್ನೆಟ್ ಮೂಲಕ ಹುಬ್ಬಳ್ಳಿಗೆ ಕಳಿಸುತ್ತದೆ. ಅಲ್ಲಿ ಅದು ಅವಳ ಲಿಪಿಗೆ ತಿರುಗಿ, ವಾಪಸ್ ಬಂದು, ತಲೆಯೊಳಗಿನ ಕೂದಲೆಳೆಯಂಥ ತಂತಿಗಳನ್ನು ಮುಟ್ಟುತ್ತದೆ. ಎಲ್ಲ ಸೇರಿ ರೆಪ್ಪೆ ಬಡಿಯುವಷ್ಟು ಹೊತ್ತೂ ಹಿಡಿಯುವುದಿಲ್ಲ.

ಮೊದಲ ನೂರು ದಿನ ಬಹಳ ನಾಜೂಕು. ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳಬೇಕು. ಮಲಗುವಾಗ, ಸ್ನಾನದ ಹೊತ್ತಿಗೆ ಶಬ್ದವನ್ನು ಮೆಲ್ಲಗೆ ಸಣ್ಣದು ಮಾಡುತ್ತ ಬಿಲ್ಲೆ ತೆಗೆದರೆ ಮಿದುಳು ಬೇಸರಪಡುವುದಿಲ್ಲ. ಆದರೆ ಇದ್ದಕ್ಕಿದ್ದಂತೆ, ಮಾತಿನ ನಡುವೆ, ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಡಿದುಹೋದರೆ ಅದು ಈ ಹೊಸ ಶಬ್ದವನ್ನು ನಂಬುವುದನ್ನೇ ಬಿಡಲು ಶುರುಮಾಡುತ್ತದೆ. ನಂಬಿಕೆ ಹೋದ ಮೇಲೆ ಶಬ್ದವೆಲ್ಲ ನೋವಾಗುತ್ತದಂತೆ. ಅದಕ್ಕೇ ಕೇಂದ್ರದವರು ಕಾಗದದ ಮೇಲೆ ಸಹಿ ಹಾಕಿಸಿಕೊಂಡಿದ್ದರು: ನೂರು ದಿನದೊಳಗೆ ಅಂಥ ಮೂರು ಕಡಿತವಾದರೆ ಯಂತ್ರವನ್ನು ಕಾಯಂ ಆಗಿ ಆರಿಸಲಾಗುವುದು.

ಮೂವತ್ತು ದಿನ ತುಂಬುವ ಮೊದಲೇ ನಮ್ಮ ಲೆಕ್ಕದಲ್ಲಿ ಎರಡು ಕಡಿತ ಬಿದ್ದವು. ಒಂದು ಸಲ ಓಣಿಯಲ್ಲಿ ನಲ್ಲಿ ಪೈಪಿಗೆ ಅಗೆಯುವವರು ಕೇಬಲ್ ಕಡಿದರು. ಇನ್ನೊಂದು ಸಲ ಇಲಿ.

ಎರಡನೆಯದಾದ ಮರುದಿನವೇ ಕೇಂದ್ರದ ಇಂಜಿನಿಯರ್ ಫರ್ಹಾನಾ ಮೇಡಂ ಒಂದು ಚಪ್ಪಟೆ ಪೆಟ್ಟಿಗೆ ಹಿಡಿದುಕೊಂಡು ಬಂದರು. ಅದರ ಹೆಸರು ಫೈರ್‌ವಾಲ್. ಮನೆಯೊಳಗೆ ಬರುವ, ಹೊರಗೆ ಹೋಗುವ ಎಲ್ಲವೂ ಅದನ್ನು ದಾಟಿಯೇ ಹೋಗಬೇಕು. ಅದಕ್ಕೆ ಎರಡು ದಾರಿ ಜೋಡಿಸಿದರು. ಒಂದನೆಯದು ಹಳದಿ ಫೈಬರ್ ಕೇಬಲ್. ಎರಡನೆಯದು ತಾರಸಿಯ ಮೇಲೆ ಕೂರಿಸಿದ, ಊಟದ ತಾಟಿನಷ್ಟಗಲದ ಆಂಟೆನಾ. ಅದು ಗುಡ್ಡದ ಮೇಲಿನ ಟವರಿನ ಜತೆ ಗಾಳಿಯಲ್ಲೇ ಮಾತಾಡುತ್ತದೆ.

"ನೋಡ್ರಿ ಅಕ್ಕಾರ, ಈ ಪೆಟ್ಟಿಗಿ ಸೆಕೆಂಡಿಗೊಮ್ಮೆ ಒಂದನೇ ದಾರೀನ 'ಇದ್ದೀಯೇನ?' ಅಂತ ಕೇಳ್ತೈತಿ. 'ಇದ್ದೀನಿ' ಅಂತ ಉತ್ತರ ಬರಬೇಕು. ಮೂರು ಸಲ ಬರಲಿಲ್ಲ ಅಂದ್ರ ತಾನಾಗೇ ಎರಡನೇ ದಾರಿಗೆ ಹೊಳ್ಳತೈತಿ. ನೀವು ಏನೂ ಮುಟ್ಟೋದು ಬ್ಯಾಡ."

"ಒಂದನೇದು ಮತ್ತ ಬಂದ್ರ?"

"ಆಗ ವಾಪಸ್ ಅದಕ್ಕ."

"ಬಂದ ಕೂಡ್ಲೇ ಏನ್ರಿ? ಜ್ವರ ಬಿಟ್ಟ ದಿನಾನ ನಾವು ಮಕ್ಕಳನ್ನ ಸಾಲಿಗೆ ಕಳಸಂಗಿಲ್ಲ. ಮತ್ತ ಬರ್ತೈತಿ."

ಫರ್ಹಾನಾ ನಕ್ಕು, ಲ್ಯಾಪ್‌ಟಾಪಿನಲ್ಲಿ ಏನೋ ಬದಲಿಸಿದರು. "ಐದು ನಿಮಿಷ ಬರೋಬ್ಬರಿ ಇದ್ದರ ಮಾತ್ರ ವಾಪಸ್. ಆತೇನ್ರಿ?" ಆಮೇಲೆ ಹಳದಿ ಕೇಬಲನ್ನು ಕಿತ್ತು ತೋರಿಸಿದರು. ಒಂದು, ಎರಡು, ಮೂರು ಎಣಿಸುವಷ್ಟರಲ್ಲಿ ಹಸಿರು ದೀಪ ಆರಿ ನೀಲಿ ದೀಪ ಹತ್ತಿತು. ನೀಲಾ ತಲೆಯೆತ್ತಿ ನನ್ನನ್ನು ನೋಡಿದಳು.

"ಅವ್ವ ದೂರ" ಎಂದಳು.

ನಾನು ಇದ್ದದ್ದು ಅವಳ ಪಕ್ಕದಲ್ಲೇ. ಫರ್ಹಾನಾರ ಕಣ್ಣು ಅರಳಿದವು. ಗಾಳಿಯ ದಾರಿಯಲ್ಲಿ ಶಬ್ದ ಹೋಗಿಬರಲು ಚೂರು ಹೆಚ್ಚು ಹೊತ್ತು ಬೇಕು, ಆದರೆ ಅದು ಯಂತ್ರಕ್ಕೆ ಮಾತ್ರ ತಿಳಿಯುವಷ್ಟು ಸಣ್ಣ ತಡ. ಅದನ್ನು ಈ ಮಗು 'ದೂರ' ಎಂದು ಅಳೆದಿತ್ತು. ಕೇಬಲ್ ಮತ್ತೆ ಚುಚ್ಚಿ ಐದು ನಿಮಿಷವಾದ ಮೇಲೆ ನೀಲಾ "ಈಗ ಹತ್ರ" ಎಂದಳು. ಫರ್ಹಾನಾ ಅದನ್ನು ಎರಡು ಸಲ ಬರೆದುಕೊಂಡರು.

ಹೊರಡುವಾಗ ಇನ್ನೊಂದು ಮಾತು ನೆನಪಿಸಿದರು. ಕಿವಿ ಕಳೆದುಕೊಂಡ ದಿನಗಳಿಂದ ನೀಲಾಳಿಗೆ ಒಂದು ರೂಢಿಯಿತ್ತು. ನಾನು ಮಾತಾಡುವಾಗ ಅಂಗೈಯನ್ನು ನನ್ನ ಗಂಟಲಿನ ಮೇಲೆ ಇಡುತ್ತಿದ್ದಳು. ಅದರ ನಡುಕದಿಂದ, ತುಟಿಯ ಆಕಾರದಿಂದ ನನ್ನ ಮಾತನ್ನು ಹಿಡಿಯುತ್ತಿದ್ದಳು. ಅವಳಿಗೆ ಉಳಿದಿದ್ದ ಮಾತೆಲ್ಲ ಆ ಅಂಗೈಯಲ್ಲೇ ಉಳಿದದ್ದು. ಆದರೆ ಕೇಂದ್ರದವರು ಅದನ್ನು ಬಿಡಿಸಬೇಕೆಂದಿದ್ದರು. ಕೈಯಿಂದ ಸುಲಭವಾಗಿ ಸಿಕ್ಕರೆ ಮಿದುಳು ಕಿವಿಯ ಕಷ್ಟವನ್ನೇಕೆ ಪಡುತ್ತದೆ?

"ಕೈ ಇಡಾಕ ಬಿಡಬ್ಯಾಡ್ರಿ ಅಕ್ಕಾರ."

ನಾನು ಬಿಡಲಿಲ್ಲ. ದಿನಕ್ಕೆ ಹತ್ತು ಸಲ ಆ ಪುಟ್ಟ ಕೈ ಮೇಲೆ ಬರುತ್ತಿತ್ತು, ಹತ್ತು ಸಲವೂ ಮೆತ್ತಗೆ ಹಿಡಿದು ಕೆಳಗಿಡುತ್ತಿದ್ದೆ. ಅವಳು ಕೈಯನ್ನೊಮ್ಮೆ, ನನ್ನನ್ನೊಮ್ಮೆ ನೋಡುತ್ತಿದ್ದಳು.

ದಿನಗಳು ಚೆನ್ನಾಗಿ ಸಾಗಿದವು. ಕುಕ್ಕರಿನ ಸೀಟಿ ಕೇಳಿ ನೀಲಾ ಕೋಣೆಯಿಂದ ಓಡಿಬಂದಳು. ರೊಟ್ಟಿ ಬಡಿಯುವ ಸದ್ದಿಗೆ ತಾಳ ಹಾಕಿದಳು. ಗುಡ್ಡದ ಮೇಲೆ ಗಾಳಿಯಂತ್ರಗಳ ರಿಪೇರಿ ಮಾಡುವ ಅವಳಪ್ಪ ಈರಣ್ಣ, ಸಂಜೆ ಬಂದು ಗಾಳಿಯಂತ್ರದ ರೆಕ್ಕೆಯ ಹಾಗೆ 'ವ್ಹೂಂ, ವ್ಹೂಂ' ಎಂದರೆ ಬಿದ್ದು ಬಿದ್ದು ನಗುತ್ತಿದ್ದಳು.

ಪಕ್ಕದ ಮನೆ ಸಾವಂತ್ರೆವ್ವನದು. ಗೋಡೆ ಒಂದೇ ಆದ್ದರಿಂದ ನಮ್ಮ ಇಂಟರ್ನೆಟ್ ಅಲ್ಲಿಯವರೆಗೂ ಸಿಗುತ್ತಿತ್ತು. ನೀಲಾ ಒಬ್ಬಳೇ ಹೋಗಬಹುದಾಗಿದ್ದ ಒಂದೇ ಜಾಗ ಅದು. ಏನಾದರೂ ವಿಶೇಷ ಮಾಡಿದರೆ ಬೋಗುಣಿಯಲ್ಲಿ ಹಾಕಿ ಅವಳ ಕೈಯಲ್ಲಿ ಕಳಿಸುತ್ತಿದ್ದೆ. ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಹಿಂದಿರುಗಿಸುವುದಿಲ್ಲ. ಸಾವಂತ್ರೆವ್ವ ಕೆಲವು ದಿನ ಬೆಲ್ಲದ ಚೂರು, ಕೆಲವು ದಿನ ಒಂದು ನಿಂಬೆಹಣ್ಣು, ಏನೂ ಇಲ್ಲವಾದರೆ ನಾಲ್ಕು ಕಾಳು ಸಕ್ಕರೆ ಹಾಕಿ ಕಳಿಸುತ್ತಿದ್ದಳು.

ಒಂದು ದಿನ ಮಡಕಿಕಾಳಿನ ಪಲ್ಯ ಕಳಿಸಿದೆ. ಬೋಗುಣಿ ತೊಳೆದು, ಖಾಲಿಯಾಗಿ ಬಂತು. ಅವಸರದಲ್ಲಿದ್ದಳೇನೋ ಎಂದುಕೊಂಡು ಸುಮ್ಮನಾದೆ. ಮರುದಿನ ಸಾವಂತ್ರೆವ್ವ ಗೋಡೆಯಾಚೆಯಿಂದಲೇ ಜಗಳ ತೆಗೆದಳು.

"ಏನವಾ ವಿಶಾಲಾಕ್ಷಿ, ನನ್ನ ಪಲ್ಲೇನ ಮನಿಗೆ ಬಣ್ಣಾ ಹಚ್ಚಾಕ ಬಂದಾವ್ರ ತಿಂದು ಕೈ ತೊಳಕೊಂಡ್ರು! ನಾ ಮನ್ಯಾಗ ಇರಲೇ ಇಲ್ಲ, ಬಿಂಕದಕಟ್ಟಿಗೆ ಹೋಗಿದ್ದೆ."

"ನೀಲು ಕೊಟ್ಟ ಬಂದೀನಿ ಅಂದ್ಲಬೇ ಅಜ್ಜಿ. ಬೋಗುಣಿನೂ ಬಂತು."

"ಬೋಗುಣಿ ಬಂದ್ರ ನಾ ಮನ್ಯಾಗಿದ್ದೆ ಅಂತೇನ? ನನ್ನ ಕೈಯಿಂದ ಬೋಗುಣಿ ಯಾವತ್ತರೆ ಖಾಲಿ ಬಂದದ್ದೈತೇನ? ಅಷ್ಟರಾಗ ತಿಳಕೋಬೇಕಿತ್ತು ನೀನು."

ನಕ್ಕು ಮರೆತೆ.

ಎಪ್ಪತ್ತೊಂದನೇ ದಿನ, ಶುಕ್ರವಾರ ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ. ನೀಲಾ ಬಾಗಿಲ ಬಳಿ ಬಿಸಿಲಿನಲ್ಲಿ ಕೂತು ಪಾಟಿಯ ಮೇಲೆ ಚಿತ್ರ ಬರೆಯುತ್ತಿದ್ದಳು. "ಬಿಸಲಾಗಿಂದ ಒಳಗ ಬಾರವ್ವ" ಎಂದೆ. ಅಲುಗಲಿಲ್ಲ. ಕಳ್ಳಿ, ಮತ್ತೆ ಆ ಆಟ ಶುರುಮಾಡಿದಳು ಎಂದು ನಗು ಬಂತು. ಮೂರನೇ ಸಲಕ್ಕೆ ನಗು ಕಡಿಮೆಯಾಯಿತು. ಐದನೇ ಸಲಕ್ಕೆ ಹಿಟ್ಟಿನ ಕೈಯಲ್ಲೇ ಹೋಗಿ ರಟ್ಟೆ ಹಿಡಿದೆ.

"ಎಷ್ಟ್ ಸಲ ಕರೀಬೇಕು ನಿನ್ನ?"

ಅವಳು ಬೆಚ್ಚಿದಳು. ಬಿಲ್ಲೆಯನ್ನು ಮುಟ್ಟಿ ತೋರಿಸಿ ಇಲ್ಲ, ಇಲ್ಲ ಎಂದು ತಲೆಯಾಡಿಸಿದಳು. ನಾನು ಪೆಟ್ಟಿಗೆಯ ಕಡೆ ನೋಡಿದೆ. ಒಂದನೇ ದಾರಿಯ ಹಸಿರು ದೀಪ ಸ್ವಲ್ಪವೂ ಮಿಣುಕದೆ ಉರಿಯುತ್ತಿತ್ತು.

"ಸುಳ್ಳು ಹೇಳಬ್ಯಾಡ. ಹಸರು ಐತಿ ನೋಡಲ್ಲೆ."

ಅವಳ ಕೈ ನನ್ನ ಗಂಟಲಿಗೆ ಬಂತು. ನಾನು ರೂಢಿಯಂತೆ ಹಿಡಿದು ಕೆಳಗಿಟ್ಟೆ. ಇನ್ನೊಮ್ಮೆ ಬಂತು. ಇನ್ನೊಮ್ಮೆ ಇಟ್ಟೆ. ಒಳಗೆ ಕರೆತಂದು ಒಲೆಯಿಂದ ಆಚೆ ಕೂರಿಸಿ ರೊಟ್ಟಿಗೆ ಮರಳಿದೆ. ಅವಳು ಗೋಡೆಗೆ ಮುಖ ಮಾಡಿ ಕೂತಳು. ಕೂತುಕೊಳ್ಳಲಿ, ಹಟಕ್ಕೆ ಮದ್ದಿಲ್ಲ ಎಂದುಕೊಂಡೆ.

ಇಪ್ಪತ್ತು ನಿಮಿಷವಾಗಿರಬೇಕು. ಹಿಟ್ಟಿನ ಹಿತ್ತಾಳೆ ಪರಾತ ಕಟ್ಟೆಯಿಂದ ಜಾರಿ ಫರಸಿಕಲ್ಲಿನ ನೆಲದ ಮೇಲೆ ಬಿತ್ತು. ಆ ಸದ್ದಿಗೆ ನನ್ನ ಎದೆಯೇ ಹಾರಿತು. "ಏನ್ ಬಿತ್ತವಾ?" ಎಂದು ಗೋಡೆಯಾಚೆಯಿಂದ ಸಾವಂತ್ರೆವ್ವ ಕೂಗಿದಳು. ನನ್ನಿಂದ ಎರಡು ಮಾರು ದೂರದಲ್ಲಿ ಬೆನ್ನು ಮಾಡಿ ಕೂತಿದ್ದ ನೀಲಾಳ ಒಂದು ಕೂದಲೂ ಅಲುಗಲಿಲ್ಲ.

ಕೇಳಿಸಿದವರು ಕೇಳಿಸದ ಹಾಗೆ ಕೂರಬಹುದು. ಬೆಚ್ಚದೆ ಕೂರಲು ಯಾರಿಂದಲೂ ಆಗುವುದಿಲ್ಲ.

ಓಡಿಹೋಗಿ ಅವಳನ್ನು ತೊಡೆಯ ಮೇಲೆ ಹಾಕಿಕೊಂಡೆ. ಅವಳ ಕೈಯನ್ನು ನಾನೇ ಎತ್ತಿ ನನ್ನ ಗಂಟಲಿಗೆ ಒತ್ತಿಕೊಂಡೆ. "ತಪ್ಪಾತವ್ವಾ, ತಪ್ಪಾತು, ನಂದ ತಪ್ಪು" ಎನ್ನುತ್ತ ಇನ್ನೊಂದು ಕೈಯಲ್ಲಿ ಫೋನ್ ಹಚ್ಚಿದೆ. ಫರ್ಹಾನಾ ಎತ್ತಲಿಲ್ಲ. ಈರಣ್ಣ ಕಂಬ ಹತ್ತುವಾಗ ಫೋನನ್ನು ಕೆಳಗೆ ಗಾಡಿಯಲ್ಲೇ ಬಿಡುತ್ತಾರೆ. ಮಾತು ನಿಲ್ಲಿಸಿದರೆ ಅವಳ ಅಂಗೈ ಇನ್ನಷ್ಟು ಗಟ್ಟಿಯಾಗಿ ಒತ್ತುತ್ತಿತ್ತು. ಹಾಗಾಗಿ ನಿಲ್ಲಿಸಲಿಲ್ಲ. ರೊಟ್ಟಿಯ ಹಾಡು ಹೇಳಿದೆ, ಓಣಿಯ ನಾಯಿಗಳ ಹೆಸರು ಹೇಳಿದೆ, ಮತ್ತೇನೂ ಹೊಳೆಯದೆ ಸಾಂಬಾರ ಡಬ್ಬಿಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಹೇಳಿದೆ. ಕಣ್ಣು ಮಾತ್ರ ಆ ಹಸಿರು ದೀಪದ ಮೇಲೆಯೇ ಇತ್ತು.

ಪೆಟ್ಟಿಗೆ 'ಇದ್ದೀಯೇನ?' ಎಂದು ಕೇಳುತ್ತಿದೆ. 'ಇದ್ದೀನಿ' ಎಂದು ಉತ್ತರವೂ ಬರುತ್ತಿದೆ. ಇಲ್ಲದಿದ್ದರೆ ದೀಪ ಆರುತ್ತಿತ್ತು. ಹಾಗಾದರೆ ಉತ್ತರ ಕೊಡುತ್ತಿರುವವರು ಯಾರು?

ತೊಳೆದು ಖಾಲಿ ಬಂದ ಬೋಗುಣಿ ಕಣ್ಣ ಮುಂದೆ ಬಂತು.

ಪೆಟ್ಟಿಗೆ ಕೇಳುತ್ತಿದ್ದದ್ದು ಹುಬ್ಬಳ್ಳಿಯನ್ನಲ್ಲ. ನಡುವೆ ಎಲ್ಲೋ, ಹತ್ತಿರದಲ್ಲೇ ಕೂತ ಇನ್ಯಾರೋ ಅದಕ್ಕೆ ಉತ್ತರ ಕೊಟ್ಟು ಕಳಿಸುತ್ತಿದ್ದರು. ನಾನು ಅವಳನ್ನೆತ್ತಿಕೊಂಡೇ ಎದ್ದು ಹಳದಿ ಕೇಬಲನ್ನು ಹಿಡಿದು ಕಿತ್ತೆ. ಒಂದು. ಎರಡು. ಮೂರು. ನೀಲಿ ದೀಪ ಹತ್ತಿತು.

"ನೀಲೂ?"

ಅವಳು ಗಂಟಲಿನ ಮೇಲಿನ ಕೈ ತೆಗೆಯದೆಯೇ ಹೇಳಿದಳು. "ಅವ್ವ ದೂರ."

ಮಧ್ಯಾಹ್ನ ಫರ್ಹಾನಾರ ಫೋನ್ ಬಂತು. ದನಿ ಎಂದಿನಂತೆ ಹಗುರವಾಗಿತ್ತು. "ಮೀಟಿಂಗಿನ್ಯಾಗಿದ್ದೆ ಅಕ್ಕಾರ. ಬೆಳಿಗ್ಗೆ ನಲವತ್ತೊಂದು ನಿಮಿಷ ನೀಲುದು ಬಂದ್ ಇತ್ತು. ಲೈನ್ ಏನೋ ಬರೋಬ್ಬರಿ ಇತ್ತು ಅಂತ ಪೆಟ್ಟಿಗಿ ಹೇಳ್ತೈತಿ. ಇವತ್ತು ಶುಕ್ರವಾರ ಅಲ್ಲೇನ್ರಿ, ಕೂಸಿಗೆ ತಲಿಗೆ ಎರದ್ರೇನು? ಸ್ನಾನ ಅಂತ ಬರಕೊಳ್ಳಲೇನು?"

ಹೂಂ ಎಂದರೆ ಸಾಕಿತ್ತು.

"ಹಾಲು ಉಕ್ಕಾಕತ್ತೈತ್ರಿ ಮೇಡಂ, ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟೆ. ಒಲೆಯ ಮೇಲೆ ಹಾಲಿರಲಿಲ್ಲ.

ಈರಣ್ಣ ಊಟಕ್ಕೆ ಬಂದಾಗ ಎಲ್ಲ ಹೇಳಿದೆ. ಅವರು ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತರು.

"ಸ್ನಾನ ಅಂದ್ಬಿಡು. ಮೂರನೇದು ಅಂದ್ರ ಆರಿಸಿಬಿಡ್ತಾರ. ಸಹಿ ಮಾಡೀವಿ ನಾವು."

"ಇಂಥಾ ಪೆಟ್ಟಿಗಿ ಇನ್ನೂ ಹನ್ನೊಂದು ಮನ್ಯಾಗ ಅದಾವಂತ್ರಿ. ಹನ್ನೊಂದು ಕೂಸು. ಅಲ್ಲೂ ಹಸರು ದೀಪ ನೋಡಿ ಅವರವ್ವಂದ್ರು ಬೈಯಾಕತ್ತಿರಬೇಕು."

"ನಮ್ಮ ಕೂಸು ನೋಡು ಮೊದಲ."

"ನೀವು ಒಂದು ಕಂಬದಾಗ ನಟ್ಟು ಸಡ್ಲಾಗಿದ್ದು ಕಂಡ್ರ, ಉಳದ ಕಂಬದಾಗಿಂದು ನೋಡಂಗಿಲ್ಲೇನು?"

ನೀಲಾ ಅಪ್ಪನ ತಟ್ಟೆಯಿಂದ ಸೌತೆಕಾಯಿ ಕದ್ದು ತಿನ್ನುತ್ತಿದ್ದಳು. ಅದರ ಕರುಕರು ಸದ್ದಿಗೆ ತಾನೇ ಕಿವಿಗೊಟ್ಟು ಮತ್ತೆ ಕಚ್ಚುತ್ತಿದ್ದಳು. ಬಹಳ ಹೊತ್ತು ಅವಳನ್ನೇ ನೋಡಿ, ಈರಣ್ಣ "ಫೋನ್ ಹಚ್ಚು" ಎಂದರು.

ಎರಡು ದಿನದ ನಂತರ ನಾವು ಹುಬ್ಬಳ್ಳಿಯ ಕೇಂದ್ರದಲ್ಲಿದ್ದೆವು. ರೈಲಿನಲ್ಲಿ ಬರುವಾಗ ಬಿಲ್ಲೆಯನ್ನು ಮೆಲ್ಲಗೆ ಆರಿಸಿ ತೆಗೆದಿದ್ದೆ. ದೊಡ್ಡ ಡಾಕ್ಟರು ನೀಲಾಳನ್ನು ಪರೀಕ್ಷೆಯ ಕೋಣೆಗೆ ಕರೆದುಕೊಂಡು ಹೋದರು. ಅವಳ ಮಿದುಳು ಶಬ್ದವನ್ನು ಇನ್ನೂ ನಂಬುತ್ತದೆಯೋ ಇಲ್ಲವೋ ಎಂದು ನೋಡಿ, ಅದರ ಮೇಲೆ ಆರಿಸುವುದೋ ಉಳಿಸುವುದೋ ಎಂದು ಹೇಳುವವರಿದ್ದರು. ಈರಣ್ಣ ಬಾಗಿಲ ಬಳಿ ನಿಂತರು. ಕೂರಲಾರದೆ ನಾನು ಫರ್ಹಾನಾರ ಹಿಂದೆ ನಿಯಂತ್ರಣ ಕೊಠಡಿಗೆ ಹೋದೆ.

ಗೋಡೆಯಷ್ಟು ದೊಡ್ಡ ಪರದೆಯ ಮೇಲೆ ಹನ್ನೆರಡು ಗೆರೆಗಳು ಹರಿಯುತ್ತಿದ್ದವು, ಒಂದೊಂದು ಮಗುವಿಗೆ ಒಂದೊಂದು. ಯಾರದೋ ಮನೆಯಲ್ಲಿ ಯಾರೋ ಕೆಮ್ಮಿದರೆ ಒಂದು ಗೆರೆ ಜಿಗಿಯುತ್ತಿತ್ತು. ನೀಲಾಳ ಗೆರೆ ಮಲಗಿತ್ತು.

"ಕೇಬಲ್ ಕಡದಿದ್ದು ಊರ ಹೊರಗ, ಸೇತುವಿ ಹತ್ರ" ಎಂದರು ಫರ್ಹಾನಾ. ಅವರ ಮುಖದಲ್ಲಿ ಹಗುರತನ ಉಳಿದಿರಲಿಲ್ಲ. "ಪೆಟ್ಟಿಗಿ ಕೇಳತಿದ್ದದ್ದು ನಿಮ್ಮ ಓಣಿ ಮೂಲ್ಯಾಗಿನ ಕೇಬಲ್ ಡಬ್ಬೀನ. ಅದು ಜೀವಂತ ಇತ್ತು, ಉತ್ತರ ಕೊಡತಿತ್ತು. ನಾನು ಪರೀಕ್ಷೆ ಮಾಡುವಾಗ ಮನ್ಯಾಗಿನ ಕೇಬಲ್ ಕಿತ್ತು ನೋಡಿದೆ. ದೂರ ಕಡದ್ರ ಏನು ಅಂತ ನೋಡಲೇ ಇಲ್ಲ. ನಂದ ತಪ್ಪು."

ನಾನು ಬಣ್ಣ ಹಚ್ಚುವವರು ತಿಂದ ಪಲ್ಯದ ಕಥೆ ಹೇಳಿದೆ. "ಮೂಲಿ ಮನಿಯವರನ್ನ ಕೇಳಿ ಏನ್ ಉಪಯೋಗ್ರಿ? ಬೋಗುಣಿ ಇಲ್ಲಿತನ ಬರಲಿ. ಬಂದು, ನಿಮ್ಮ ಕೈಯಿಂದ ಏನರೆ ಹಾಕಿಸಿಕೊಂಡು ಹೋಗಲಿ. ಒಳಗ ನೀವು ಹಾಕಿದ್ದು ಇದ್ರ ಮಾತ್ರ ದಾರಿ ಐತಿ ಅಂತ ಹಿಡೀಲಿ."

ಫರ್ಹಾನಾ ನನ್ನನ್ನೇ ನೋಡಿದರು. "ಪ್ರತಿ ಸೆಕೆಂಡಿಗೂ ಬ್ಯಾರೆ ಬ್ಯಾರೆ ಹಾಕಬೇಕು. ಇವತ್ತು ಬೆಲ್ಲ, ನಾಳೆ ನಿಂಬಿಹಣ್ಣು. ಇಲ್ಲಾಂದ್ರ ನಡುವಿನವರ್ಯಾರೋ ನಿನ್ನೆ ಬೆಲ್ಲಾನ ಹಾಕಿ ಕಳಿಸ್ತಾರ."

"ಒಂದ ಮನಿ ನಂಬಬ್ಯಾಡ್ರಿ ಮತ್ತ. ಸಾವಂತ್ರೆವ್ವ ಊರಿಗೆ ಹೋಗಿದ್ರ? ಎರಡು ಮನಿಗೆ ಕಳಸ್ರಿ. ಎರಡೂ ಕಡಿಂದ ಬರಲಿಲ್ಲ ಅಂದ್ರ ದಾರಿ ಹೋಗೈತಿ ಅಂತ."

ಅವರು ಆಗಲೇ ಕೂತು ಬರೆಯತೊಡಗಿದ್ದರು. ಅರ್ಧ ತಾಸಿನಲ್ಲಿ ಹನ್ನೆರಡು ಪೆಟ್ಟಿಗೆಗಳಿಗೂ ಹೊಸ ಪ್ರಶ್ನೆ ಹೋಯಿತು. ಆಮೇಲೆ ಹಳೆಯ ದಾಖಲೆ ತೆರೆದು, ಪ್ರತಿ ಮಗುವಿನ ಹೆಸರಿನ ಮುಂದೆ 'ಸ್ನಾನ' ಎಂದಿದ್ದ ಜಾಗಗಳನ್ನು ಹುಡುಕಿದರು. ಬೀಳಗಿ ಕಡೆಯ ಒಂದು ಮಗುವಿಗೆ ಒಂದೇ ದಿನ ನಾಲ್ಕು ಸ್ನಾನ ಬರೆದಿತ್ತು. ಆ ಮಗು ಹಟಮಾರಿ, ಯಂತ್ರಕ್ಕೆ ಒಗ್ಗುತ್ತಿಲ್ಲ ಎಂದು ಕೆಳಗೆ ಷರಾ ಇತ್ತು. ಫರ್ಹಾನಾ ಬಾಯಿಯ ಮೇಲೆ ಕೈಯಿಟ್ಟುಕೊಂಡರು.

ಆಗ ದೊಡ್ಡ ಡಾಕ್ಟರು ಕರೆದರು.

"ಈ ನಲವತ್ತೊಂದು ನಿಮಿಷದಾಗ ನೀವು ಏನು ಮಾಡಿದ್ರಿ?" ಎಂದು ಕೇಳಿದರು. ಅರ್ಧ ಹೊತ್ತು ಬೈದೆ ಎಂದೆ. ಉಳಿದರ್ಧ ಗಂಟಲ ಮೇಲೆ ಅವಳ ಕೈ ಇಟ್ಟುಕೊಂಡು ಮಾತಾಡಿದೆ ಎಂದೆ. ನೀವು ಬೇಡ ಎಂದಿದ್ದಿರಿ, ಆದರೂ ಇಟ್ಟೆ ಎಂದೆ.

"ಈಗ ಇಡ್ರಿ."

ನೀಲಾಳ ಬಿಲ್ಲೆ ತೆಗೆದಿದ್ದರು. ತಲೆಗೆ ಪರೀಕ್ಷೆಯ ಟೊಪ್ಪಿಗೆ ಹಾಕಿದ್ದರು. ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ನಾನು ಅವಳ ಅಂಗೈಯನ್ನು ಗಂಟಲಿಗೆ ಇಟ್ಟುಕೊಂಡು "ನೀಲೂ" ಎಂದೆ. ಪರದೆಯ ಮೇಲೆ ಅವಳ ಮಿದುಳಿನ ಒಂದು ಮೂಲೆ ಕೆಂಪಗೆ ಬೆಳಗಿತು. ಡಾಕ್ಟರು ಬಿಲ್ಲೆ ಹಾಕಿಸಿ, ನನ್ನನ್ನು ಮೂರು ಹೆಜ್ಜೆ ಹಿಂದೆ ನಿಲ್ಲಿಸಿ ಮತ್ತೆ ಹೆಸರು ಕರೆಸಿದರು. ಅದೇ ಮೂಲೆ, ಅದೇ ಕೆಂಪು.

"ಕೈಯಿಂದ ಬಂದ ನಿಮ್ಮ ದನೀನೂ, ಕಿವಿಯಿಂದ ಬಂದ ದನೀನೂ ಈಕಿ ಒಂದ ಕಡೆ ಇಟ್ಟುಕೊಂಡಾಳ" ಎಂದರು, ತಮಗೇ ಹೇಳಿಕೊಳ್ಳುವ ಹಾಗೆ. "ಕಿವಿ ಕಡದಾಗ ಕೈ ಹಿಡದೈತಿ. ಶಬ್ದದ ಮ್ಯಾಲಿನ ನಂಬಿಕಿ ಹೋಗಿಲ್ಲ."

ಫರ್ಹಾನಾ ಮೆಲ್ಲಗೆ ಹೇಳಿದರು. "ಮನಿಗೆ ಎರಡನೇ ದಾರಿ ಹಾಕಾಕ ಅಷ್ಟ್ ದೂರ ಹೋಗಿದ್ದೆ ಸರ್. ಕೂಸಿನ ಎರಡನೇ ದಾರೀನ ನಾವ ಬಂದ್ ಮಾಡ್ರಿ ಅಂತಿದ್ವಿ."

ಮೂರನೇ ಕಡಿತವೆಂದು ದಾಖಲೆಯಲ್ಲಿ ಬರೆದರು. ಯಂತ್ರ ಆರಿಸಲಿಲ್ಲ. ಹನ್ನೆರಡು ಮನೆಗಳಿಗೂ ಹೊಸ ಸೂಚನೆ ಹೋಯಿತು: ದಿನಕ್ಕೊಮ್ಮೆ ಬಿಲ್ಲೆ ತೆಗೆದು ಹತ್ತು ನಿಮಿಷ ಮಗುವಿನ ಕೈ ಗಂಟಲಿನ ಮೇಲಿಟ್ಟುಕೊಂಡು ಮಾತಾಡಿ. ಓಡಾಡದ ದಾರಿ ಬೇಕಾದಾಗ ಸಿಗುವುದಿಲ್ಲ. ಅದೇ ಕಾರಣಕ್ಕೆ ಫರ್ಹಾನಾ ಈಗ ವಾರಕ್ಕೊಮ್ಮೆ ಎಲ್ಲ ಮನೆಗಳನ್ನೂ ಸ್ವಲ್ಪ ಹೊತ್ತು ಎರಡನೇ ದಾರಿಗೆ ತಿರುಗಿಸುತ್ತಾರೆ. ಆ ಹೊತ್ತಿನಲ್ಲಿ ನೀಲಾ "ಅವ್ವ ದೂರ" ಎನ್ನುತ್ತಾಳೆ. ನಾನು ಹತ್ತಿರ ಸರಿದು ಕೂರುತ್ತೇನೆ.

ನೂರನೇ ದಿನ ಮತ್ತೆ ಶಿರಾ ಮಾಡಿದೆ. ಸಾವಂತ್ರೆವ್ವನಿಗೊಂದು ಬೋಗುಣಿ ಹೋಯಿತು. ಒಂದನ್ನು ನೀಲಾಳ ಕೈಗೆ ಕೊಟ್ಟೆ, ಅವಳು ಒಳಕೋಣೆಗೆ ಒಯ್ದಳು. ಪಾತ್ರೆ ತಿಕ್ಕುತ್ತ "ನೀಲೂ, ತಿಂದಾದ ಮ್ಯಾಲೆ ಬೋಗುಣಿ ತಾ" ಎಂದು ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಕೂಗಿದೆ. ಇಲ್ಲ. ಪೆಟ್ಟಿಗೆಯ ದೀಪದ ಕಡೆ ತಿರುಗಬೇಕೆಂದುಕೊಂಡವಳು ತಿರುಗಲಿಲ್ಲ, ಕೈ ಒರೆಸಿಕೊಂಡು ಕಾದೆ.

ಸ್ವಲ್ಪ ಹೊತ್ತಿಗೆ ಪುಟ್ಟ ಹೆಜ್ಜೆಯ ಸದ್ದಾಯಿತು. ಅವಳು ಮುಖ ಗಂಭೀರ ಮಾಡಿಕೊಂಡು ಬೋಗುಣಿಯನ್ನು ನನ್ನ ಕೈಗಿಟ್ಟಳು. ನೆಕ್ಕಿ ಬೆಳ್ಳಗಾಗಿದ್ದ ಅದರ ತಳದಲ್ಲಿ, ತಿನ್ನದೆ ಉಳಿಸಿದ ಒಂದು ಒಣದ್ರಾಕ್ಷಿ ಇತ್ತು.